ಕಿಲ್ಬರ್ನಿನ ವಿಶಾಲಾಕ್ಷಿಯ ಕೈಗೆ ಬಂದ ಕುಣಿತದ ಅಂಗಿ

ವಿಶಾಲಾಕ್ಷಿ ಮೈಸೂರಿನ ಮಂಡಿ ಮೊಹಲ್ಲಾದವಳು. ಗಂಡ ಪಂಚಾಕ್ಷರಿ ಇಂಜಿನಿಯರು. ಮೊದಲು ಬ್ರಿಸ್ಬೇನಿನ ರನ್‌ಕಾರ್ನಿನಲ್ಲಿ ಮೂರು ವರ್ಷ, ಆಮೇಲೆ ಪರ್ತಿನಲ್ಲಿ ಹನ್ನೊಂದು ತಿಂಗಳು. ಎರಡು ಸಾವಿರದ ಹದಿಮೂರರಲ್ಲಿ ಅಡಿಲೇಡಿಗೆ ಬಂದು, ಕಿಲ್ಬರ್ನಿನಲ್ಲಿ ನಮ್ಮ ಪಕ್ಕದ ಮನೆ ಹಿಡಿದರು. ಮೂರು ಊರು ಯಾಕೆ ಬದಲಾಯಿಸಿದಿರಿ ಅಂತ ಕೇಳಿದೆ. "ಅವರ ಕೆಲಸ ಹಂಗೇ ಆಂಟಿ, ಕಾಂಟ್ರಾಕ್ಟು" ಅಂದಳು. ಇರಬಹುದು ಅಂದುಕೊಂಡೆ. ಪೂರ್ತಿ ನಂಬಲಿಲ್ಲ.

ಹುಡುಗಿಯಾಗಿದ್ದಾಗ ಆರಿ ವರ್ಕ್ ಕಲಿತಿದ್ದಳು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ತುದಿ ಕೊಕ್ಕೆಯಾಗಿರುವ ಸೂಜಿಯಿಂದ ಮಣಿ, ಚಮಕಿ ಕೂರಿಸುವ ಕೆಲಸ. ರನ್‌ಕಾರ್ನಿನಲ್ಲಿ ಭರತನಾಟ್ಯದ ಮಕ್ಕಳಿಗೆ ಬಟ್ಟೆ ಹೊಲಿಯುತ್ತಿದ್ದಳಂತೆ. ಕುಣಿಯೋರನ್ನು ನಿಲ್ಲಿಸಿ ಬಟ್ಟೆಯ ಅಳತೆ ತೆಗೆಯಬಾರದು, ಮಂಡಿ ಬಗ್ಗಿಸಿ ಅರೆಮಂಡಿ ಕೂರಿಸಿ ತೆಗೀಬೇಕು ಅನ್ನುತ್ತಿದ್ದಳು. ಇಲ್ಲಿ ಬಂದ ಮೇಲೆ ಬಿಳಿಯರ ಒಂದು ಡ್ಯಾನ್ಸ್ ಕ್ಲಬ್ಬಿನವರು ಅವಳನ್ನು ಹಿಡಿದರು. ಅವರದ್ದು ನೂರು ವರ್ಷದ ಹಿಂದಿನ ಜಾಝ್ ಕಾಲದ ಕುಣಿತ. ಒಬ್ಬರು ಹೇಳಿ ಇನ್ನೊಬ್ಬರು ಬಂದು, ಎರಡು ವರ್ಷದಲ್ಲಿ ಅವಳ ಗಿರಾಕಿಗಳೆಲ್ಲಾ ಆ ಕ್ಲಬ್ಬಿನವರೇ ಆದರು.

ಮಧ್ಯಾಹ್ನ ನನ್ನ ಮಗಳು ಕೆಲಸಕ್ಕೆ ಹೋದ ಮೇಲೆ ನಾನು ವಿಶಾಲಾಕ್ಷಿ ಮನೆಯಲ್ಲಿ ಕೂತಿರುತ್ತಿದ್ದೆ. ನನಗೆ ಇಂಗ್ಲಿಷ್ ಬಾರದು. ಬಂದವರು ಹತ್ತು ಮಾತಾಡಿದರೆ ಇವಳು ನನಗೆ ಎರಡು ಹೇಳುವಳು. ಮಿಕ್ಕ ಎಂಟು ಏನು ಅಂತ ನನಗೆ ಯಾವಾಗಲೂ ಅನುಮಾನ.

ಹದಿನೈದನೇ ಇಸವಿ ಮಾರ್ಚಿನಲ್ಲಿ ಡೋರೀನ್ ಅಂತ ಒಬ್ಬಾಕೆ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಕ್ಲಬ್ಬಿನ ಯಜಮಾನಿ. ಬಿಳಿ ದುಪ್ಪಟಿಯಲ್ಲಿ ಸುತ್ತಿದ ಅಂಗಿಯನ್ನು ಮಗು ಮಲಗಿಸುವ ಹಾಗೆ ಮೇಜಿನ ಮೇಲೆ ಮಲಗಿಸಿದಳು. ಅವಳ ತಾಯಿಯದು. ತಾಯಿ ಜಾಮ್ ಫ್ಯಾಕ್ಟರಿಯಲ್ಲಿ ದುಡಿದು, ಸಾವಿರದ ಒಂಬೈನೂರ ಇಪ್ಪತ್ತೆಂಟರಲ್ಲಿ ಇದನ್ನು ಹಾಕಿಕೊಂಡು ಶನಿವಾರ ಶನಿವಾರ ಕುಣಿಯೋಕೆ ಹೋಗುತ್ತಿದ್ದಳಂತೆ. ಕ್ಲಬ್ಬಿನವರು ಹಳೇ ಕುಣಿತದ ಬಟ್ಟೆಗಳನ್ನೆಲ್ಲಾ ಒಂದು ಸಭಾಂಗಣದಲ್ಲಿ ಜನರಿಗೆ ತೋರಿಸುವವರಿದ್ದರು. ಅಷ್ಟರಲ್ಲಿ ಬಗಲಲ್ಲಿ ಉದುರಿದ ಮಣಿ ಸರಿಮಾಡಬೇಕು.

ಕರೀ ರೇಷ್ಮೆ. ತೋಳಿಲ್ಲ. ಸೊಂಟ ಅನ್ನೋದೇ ಇಲ್ಲ, ದಿಂಬಿನ ಗವಸಿನ ಹಾಗೆ ನೇರ. ಸೊಂಟದ ಪಟ್ಟಿ ಬಂದು ನಿತಂಬದ ಮೇಲೆ ಕೂತಿದೆ. ಮಂಡಿಗೆ ಮುಗಿಯುತ್ತದೆ.

"ಇವರಮ್ಮ ಇದನ್ನ ಹಾಕ್ಕೊಂಡು ಬೀದಿಗೆ ಬಂದಳಾ?" ಅಂದೆ.

ವಿಶಾಲಾಕ್ಷಿ ಕೇಳಿ ಹೇಳಿದಳು. "ಅದಕ್ಕೂ ಮುಂಚೆ ಇವರೂ ಪಾದದವರೆಗೆ ಹಾಕ್ತಿದ್ರಂತೆ ಆಂಟಿ. ಒಳಗೆ ಕಡ್ಡಿ ಕೂರಿಸಿದ ಬಿಗಿ ಕವಚ. ಅದರಲ್ಲಿ ನಿಧಾನಕ್ಕೆ ಸುತ್ತಬಹುದು, ಅಷ್ಟೇ. ಈ ಹೊಸ ಕುಣಿತ ಬಂತು ನೋಡಿ, ಕಾಲು ಹಿಂದಕ್ಕೆ ಪಕ್ಕಕ್ಕೆ ಒದೀಬೇಕು. ಕವಚ ಬಿಚ್ಚಿದ್ರು, ಲಂಗ ಮೇಲೆ ಹೋಯ್ತು. ಚಪ್ಪಲಿ ಹಾರಿಹೋಗದಂಗೆ ಪಟ್ಟಿ ಬಂತು. ಅಂಚಿಗೆ ಚಮಕಿ ಯಾಕೆ ಅಂದ್ರೆ, ಮೈ ನಿಂತ ಮೇಲೂ ಬಟ್ಟೆ ಒಂದು ಸುತ್ತು ಕುಣೀಬೇಕು."

"ಲಂಗ ಮೇಲೆ ಹೋಗಬೇಕು ಅಂತಲೇ ಆ ಕುಣಿತ ಕಂಡುಹಿಡಿದಿರ್ತಾರೆ" ಅಂದೆ. ವಿಶಾಲಾಕ್ಷಿ ನಕ್ಕಳು. ಏನು ಅಂತ ಡೋರೀನ್ ಕೇಳಿದ್ದಕ್ಕೆ ಏನೋ ಬೇರೆ ಹೇಳಿದಳು.

ಅಂಚಿನಲ್ಲಿ ಬಂಗಾರದ ಬಣ್ಣದ ಚಮಕಿ ನಾಲ್ಕು ಸಾಲು. ಕಾಫಿ ಆರುವುದರೊಳಗೆ ಒಂದು ಸಾಲು ಎಣಿಸಿದ್ದೆ. ಮುನ್ನೂರ ಹನ್ನೆರಡು. ಭುಜದ ಹತ್ತಿರ ಇನ್ನೊಂದಷ್ಟು. ಡೋರೀನ್ ಹೋದ ಮೇಲೆ ವಿಶಾಲಾಕ್ಷಿಗೆ ಹೇಳಿದೆ, "ಸತ್ತವರ ಬಟ್ಟೆ ಕಣೇ. ನೀರು ಮುಟ್ಟಿಸದೆ ಸೂಜಿ ಹಾಕಬೇಡ." ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ನಾಲ್ಕು ದಿನ ಬಿಟ್ಟು ಹೋದೆ. ಅಂಗಿ ಚೌಕಟ್ಟಿನ ಮೇಲಿತ್ತು. ಅಂಚಿನಲ್ಲಿ ಚಮಕಿ ಇಲ್ಲ. ಒಂದೂ ಇಲ್ಲ. ಪಕ್ಕದಲ್ಲಿ ತಗಡಿನ ಡಬ್ಬಿ, ಅದರ ತುಂಬಾ ಬಂಗಾರದ ಚಮಕಿ. ನನ್ನನ್ನು ನೋಡಿ ಡಬ್ಬಿ ಮುಚ್ಚಿದಳು.

"ಏನದು?"

"ಹೊಸದು ಆಂಟಿ. ಮೈಸೂರಿಂದ ತಂದಿದ್ದೆ."

"ಹಳೇದೆಲ್ಲಿ?"

"ಹೋಯ್ತು."

ಹೋಯ್ತು ಅಂದರೆ ಎಲ್ಲಿಗೆ ಹೋಯಿತು? ಕಾಲಿದೆಯೇ ಅದಕ್ಕೆ? ಡಬ್ಬಿಯಲ್ಲಿರುವುದು ಹೊಸದೋ, ಕಿತ್ತಿಟ್ಟಿರುವುದೋ? ಮನೆಗೆ ಬಂದರೂ ಅದೇ ಯೋಚನೆ. ಬ್ರಿಸ್ಬೇನ್ ಬಿಟ್ಟದ್ದು, ಪರ್ತ್ ಬಿಟ್ಟದ್ದು ಎಲ್ಲಾ ನೆನಪಾಯಿತು.

ಮಾರನೇ ದಿನ ನಾನಿದ್ದಾಗಲೇ ಡೋರೀನ್ ಬಂದಳು. ಅಂಚು ನೋಡಿದಳು. ಕೂಗಲಿಲ್ಲ. ಮೆಲ್ಲಗೆ ನಾಲ್ಕು ಮಾತು ಆಡಿ, ಅಂಗಿ ಅಲ್ಲೇ ಬಿಟ್ಟು ಹೋದಳು.

"ಎಲ್ಲಾ ಹೇಳು. ಎರಡು ಮಾತು ಬೇಡ" ಅಂದೆ.

"ಕದ್ದಿದ್ದೀಯ ಅಂದ್ರು. ಹಳೇ ಚಮಕಿನ ದುಡ್ಡು ಕೊಟ್ಟು ಕೊಳ್ಳೋಕೆ ಹುಡುಕಿಕೊಂಡು ಬರೋರು ಇದ್ದಾರಂತೆ. ಶುಕ್ರವಾರದೊಳಗೆ ವಾಪಸ್ ಕೊಡದೆ ಇದ್ರೆ ಕ್ಲಬ್ಬಲ್ಲಿ ಎಲ್ಲರಿಗೂ ಹೇಳ್ತಾರಂತೆ. ಆಮೇಲೆ ಯಾರು ಆಂಟಿ ನನ್ನ ಕೈಗೆ ಬಟ್ಟೆ ಕೊಡ್ತಾರೆ?"

ನಾನು ಕನ್ನಡಕ ಹಾಕಿಕೊಂಡು ಅಂಗಿಯ ಹತ್ತಿರ ಹೋದೆ. ನನ್ನ ಅನುಮಾನವೂ ಡೋರೀನಳದ್ದೇ. ಅಂಚು ತಿರುಗಿಸಿ ಒಳಮೈ ನೋಡಿದೆ. ಆರಿ ಹೊಲಿಗೆ ಸರಪಳಿ ಇದ್ದ ಹಾಗೆ, ಒಂದು ಕಡೆ ಕತ್ತರಿಸಿ ಎಳೆದರೆ ಸಾಲುದ್ದಕ್ಕೂ ಬಿಚ್ಚಿಹೋಗುತ್ತದೆ. ಆ ಹಳೇ ಅಂಗಿಯದೂ ಅದೇ ಹೊಲಿಗೆ. ಒಂದು ಸಾಲು ಪೂರ್ತಿ ಬೆರಳಿಟ್ಟು ನೋಡಿದೆ. ಸರಪಳಿ ಎಲ್ಲೂ ತುಂಡಾಗಿಲ್ಲ. ಹೊರಮೈಯಲ್ಲಿ ನೂಲು ಇದ್ದ ಹಾಗೇ ಇದೆ, ಅದಕ್ಕೆ ಪೋಣಿಸಿದ್ದ ಚಮಕಿ ಮಾತ್ರ ಇಲ್ಲ. ನೂಲು ಕತ್ತರಿಸದೆ ಸಾಲಿಗೆ ಮುನ್ನೂರ ಹನ್ನೆರಡು ಚಮಕಿ ಯಾವ ಕಳ್ಳಿ ತೆಗೀತಾಳೆ? ಮೂಸಿದೆ. ಅಂಟುವಾಳದ ವಾಸನೆ.

"ನೀರಿಗೆ ಹಾಕಿದೆಯಾ?"

ಅವಳು ಕೂತುಬಿಟ್ಟಳು. "ಅಂಚು ಮಾತ್ರ ಅದ್ದಿದೆ ಆಂಟಿ. ಉಗುರುಬೆಚ್ಚಗಿನ ನೀರು, ಎರಡು ಅಂಟುವಾಳ. ರೇಷ್ಮೆಗೆ ಏನೂ ಆಗಲ್ಲ ಅಂತ ಗೊತ್ತಿತ್ತು. ತೆಗೆದು ನೋಡಿದ್ರೆ ಚಮಕಿನೇ ಇಲ್ಲ, ಬಕೆಟ್ಟಲ್ಲಿ ಲೋಳೆ. ಆಮೇಲೆ ಕಂಪ್ಯೂಟರಲ್ಲಿ ನೋಡಿದೆ. ಆ ಕಾಲದ ಕೆಲವು ಚಮಕಿನ ಪ್ರಾಣಿಗಳ ಎಲುಬು ಚರ್ಮ ಬೇಯಿಸಿದ ಅಂಟಲ್ಲಿ ಮಾಡ್ತಿದ್ರಂತೆ. ಬಿಸಿ ತಾಗಿದ್ರೆ ಕರಗುತ್ತೆ."

"ಅದನ್ನ ಅವಳಿಗೆ ಹೇಳೋಕೇನು ದಾಡಿ?"

"ಯಾಕೆ ಅದ್ದಿದೆ ಅಂತಾರಲ್ಲ? ನಿಮ್ಮಮ್ಮ ಸತ್ತಿದಾರೆ, ಅದಕ್ಕೆ ಮೈಲಿಗೆ ಅನ್ಲಾ? ಅದಕ್ಕಿಂತ ಕಳ್ಳಿ ಅನ್ನಿಸ್ಕೊಳ್ಳೋದೇ ವಾಸಿ." ಸ್ವಲ್ಪ ತಡೆದು ಅಂದಳು, "ನೀರು ಮುಟ್ಟಿಸು ಅಂದೋರು ನೀವೇ."

ಅದು ನಿಜ. ಯಾರ್ಯಾರ ಮೇಲೋ ಅನುಮಾನ ಪಟ್ಟಿದ್ದೆ, ನನ್ನ ಬಾಯಿಯ ಮೇಲೆ ಪಟ್ಟಿರಲಿಲ್ಲ.

"ಫೋನ್ ಮಾಡಿ ಕರಿ. ಹೇಳಿದ್ದು ನಾನೇ ಅನ್ನು" ಅಂದೆ.

ಗುರುವಾರ ಡೋರೀನ್ ಬಂದು ನಿಂತೇ ಕೇಳಿದಳು. ವಿಶಾಲಾಕ್ಷಿ ಒಳಮೈ ತಿರುಗಿಸಿ ಸರಪಳಿ ತೋರಿಸಿದಳು, ಬಕೆಟ್ಟಿನ ಮಾತು ಹೇಳಿದಳು, ನನ್ನ ಕಡೆ ಕೈ ತೋರಿಸಿದಳು. ಡೋರೀನ್ ನಂಬಿದ ಹಾಗೆ ಕಾಣಲಿಲ್ಲ. ಭುಜದ ಹತ್ತಿರ ಉಳಿದಿದ್ದ ಚಮಕಿಯಲ್ಲಿ ಒಂದನ್ನು ತಾನೇ ಕಿತ್ತು, ಬಿಸಿನೀರು ಕೇಳಿ, ಲೋಟಕ್ಕೆ ಹಾಕಿದಳು. ಮೂವರೂ ಬಗ್ಗಿ ನೋಡಿದೆವು. ಅಂಚು ಮೆತ್ತಗಾಯಿತು, ಮಡಚಿಕೊಂಡಿತು, ಆಮೇಲೆ ಇಲ್ಲ.

ಅವಳು ಕುರ್ಚಿಯಲ್ಲಿ ಕೂತು ಏನೋ ಕೇಳಿದಳು. ವಿಶಾಲಾಕ್ಷಿ ನನಗೆ ಹೇಳಲಿಲ್ಲ.

"ಏನಂತೆ?"

"ನಮ್ಮಮ್ಮ ಗಲೀಜಾ ಅಂತಾರೆ."

"ನೀನು ನಿಮ್ಮಮ್ಮನ ಸೀರೆ ಏನು ಮಾಡಿದೆ ಅಂತ ಹೇಳು."

ಹೇಳಿದಳು. ತನ್ನ ತಾಯಿ ಹೋದಾಗ ತಾಯಿಯ ಧಾರೆ ಸೀರೆಯನ್ನೂ ನೀರಿಗೆ ಹಾಕಿದ್ದಳು, ಹಾಕಿದ ಮೇಲೇ ತಾನು ಉಟ್ಟಿದ್ದಳು. ಅದು ನನಗೆ ಗೊತ್ತಿತ್ತು. ಡೋರೀನ್ ಕ್ಲಬ್ಬಿನವರಿಗೆ ಏನೂ ಹೇಳುವುದಿಲ್ಲ ಅಂದಳಂತೆ. ಅಂಚಿಗೆ ಹೊಸ ಚಮಕಿ ಬೇಡ, ನೂಲು ಹಾಗೇ ಇರಲಿ. ಬಗಲಿನ ಮಣಿ ಮಾತ್ರ ಹಾಕು.

ಹಾಕು ಅಂದಳು, ಆದರೆ ಎದ್ದು ಹೋಗಲಿಲ್ಲ. ಕುರ್ಚಿಯನ್ನು ಚೌಕಟ್ಟಿನ ಹತ್ತಿರಕ್ಕೆ ಎಳೆದುಕೊಂಡಳು. ವಿಶಾಲಾಕ್ಷಿ ಮಣಿ ಕೂರಿಸಿದಷ್ಟು ಹೊತ್ತೂ ಅವಳ ಕಣ್ಣು ಸೂಜಿ ಬಿಟ್ಟು ಅಲ್ಲಾಡಲಿಲ್ಲ. ಶುಕ್ರವಾರವೂ ಬಂದು ಹಾಗೇ ಕೂತಳು, ಸೋಮವಾರವೂ. ಮುಂದಿನ ತಿಂಗಳು ಇನ್ನೊಂದು ಹಳೇ ಅಂಗಿ ತಂದಳು. ಅವತ್ತೂ ಕೂತಳು.