ಇಸ್ತ್ರಿ ಮಾಡಿದ ದಿನ ಗುಳಿಗೆ ಇಲ್ಲ

ಹೋದ ತಿಂಗಳು ಎಟೋಬಿಕೋಕ್‌ನ ಗಿಡದಂಗಡಿಯಲ್ಲಿ ತುಳಸಿ ಸಿಗುತ್ತದೇನೋ ಎಂದು ಹುಡುಕುತ್ತಿದ್ದೆ. ಕೈ ತಗುಲಿ ಯಾವುದೋ ಕುಂಡದ ಎಲೆ ಮುರಿಯಿತು. ಮೂಗಿಗೆ ಬಡಿದದ್ದು ನಾಗದಾಳಿಯ ವಾಸನೆ. ಎಳೆಗೂಸಿಗೆ ನೆಗಡಿಯಾದರೆ ಮನೆಯ ಹಿರಿಯರು ಹುಡುಕಿಕೊಂಡು ಹೋಗುತ್ತಾರಲ್ಲ, ಅದೇ ಸೊಪ್ಪು. ಮನೆಗೆ ಬಂದು ಸೋಪು ಹಚ್ಚಿ ತೊಳೆದರೂ ಬೆರಳಿನಿಂದ ಹೋಗಲಿಲ್ಲ. ಎದುರು ಮನೆಯವನು ನೆನಪಾದ. ದುಃಖ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇಳಿದಿಲ್ಲ.

ತೊಂಬತ್ತರ ದಶಕದ ಕೊನೆ. ನಾವಾಗ ಈ ಪರದೇಶದ ನಗರದ ಇನ್ನೊಂದು ತುದಿಯ ಸ್ಕಾರ್‌ಬರೋದ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಕಾರಿಡಾರಿನ ಆಚೆ, ನಮ್ಮ ಬಾಗಿಲಿಗೆ ಸರಿಯಾಗಿ ಎದುರು ಬಾಗಿಲು ಅವನದು. ಎಲ್ ಸಾಲ್ವಡೋರ್‌ನವನು, ಅಲ್ಲಿನ ಯುದ್ಧದ ಕಾಲದಲ್ಲಿ ಊರು ಬಿಟ್ಟು ಬಂದವನು. ಬಸ್‌ಸ್ಟಾಪಿನ ಎದುರಿನ ಪ್ಲಾಜಾದಲ್ಲಿ ಟೇಲರ್ ಕೆಲಸ. ಸೀರೆಯ ಬ್ಲೌಸನ್ನು ಹುಟ್ಟಿದಾಗಿನಿಂದ ಕಂಡವನಲ್ಲ. ಆದರೂ ನನ್ನ ಹಳೆಯ ಬ್ಲೌಸುಗಳನ್ನೆಲ್ಲ ಬಿಚ್ಚಿ, ದಪ್ಪಗಾದ ಮೈಗೆ ಸರಿಹೊಂದುವಂತೆ ಹೊಲಿದುಕೊಟ್ಟಿದ್ದ. ನನ್ನನ್ನು ‘ವೆಸೀನಾ’ ಎಂದು ಕರೆಯುತ್ತಿದ್ದ. ಅವರ ಸ್ಪ್ಯಾನಿಷಿನಲ್ಲಿ ನೆರೆಮನೆಯಾಕೆ ಎಂದರ್ಥ.

ಒಂದು ಸಂಜೆ ಔಷಧಿಯ ಬಾಟಲಿ ಹಿಡಿದು ಬಂದ. ಫ್ರಿಜ್ಜಿನಲ್ಲಿಡಬೇಕಾದ ಗುಳಿಗೆ. ಅವನ ಜೊತೆಗೆ ಅವನ ಊರಿನವರೇ ಕೆಲವರು ಬಾಡಿಗೆ ಹಂಚಿಕೊಂಡಿದ್ದರು, ಅವರ ಕಣ್ಣಿಗೆ ಬೀಳಬಾರದಂತೆ. ನಮ್ಮ ಫ್ರಿಜ್ಜಿನಲ್ಲಿ ಇಡಬಹುದೇ ಎಂದು ಕೇಳಿದ. ಬಾಟಲಿ ಕೈಗೆ ಕೊಡುವ ಮೊದಲೇ ತನಗೆ ಎಚ್‌ಐವಿ ಇದೆ ಎಂದು ಹೇಳಿಬಿಟ್ಟ.

“ನಿಮ್ಮ ಮನೇಲಿ ಮಕ್ಕಳಿದಾರೆ ವೆಸೀನಾ. ಏನು ಅಂತ ಗೊತ್ತಿಲ್ದೆ ಇಟ್ಕೋಬಾರ್ದು.”

ಆ ಹೆಸರು ಕೇಳಿದರೇ ಜನ ಮಾರು ದೂರ ಸರಿಯುತ್ತಿದ್ದ ಕಾಲ. ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಹಾಗೆ ನೇರವಾಗಿ ಹೇಳಿ ನಿಂತವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೊಸರಿನ ಡಬ್ಬಿಯ ಹಿಂದೆ ಇಟ್ಟೆ. ಹೊಸ ಗುಳಿಗೆಗಳು ಬಂದಿವೆ, ತಪ್ಪದೆ ನುಂಗಿದರೆ ಬದುಕುತ್ತೀಯ ಎಂದು ಅವನ ಡಾಕ್ಟರು ಹೇಳಿದ್ದರು. ತಪ್ಪದೆ, ಅದೊಂದೇ ಷರತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಾಗಿಲು ಬಡಿಯುತ್ತಿದ್ದ. ಅಡುಗೆಮನೆಯಲ್ಲಿ ನಿಂತೇ ನುಂಗಿ, ಲೋಟ ತೊಳೆದಿಟ್ಟು ಹೋಗುತ್ತಿದ್ದ. ಕೆಲವೇ ತಿಂಗಳಲ್ಲಿ ಬತ್ತಿದ ಕೆನ್ನೆ ತುಂಬಿಕೊಂಡಿತು.

ಹಾಗೇ ನಡೆದುಕೊಂಡು ಹೋಗಿದ್ದರೆ... ಎಲ್ಲಿ ಹೋಗುತ್ತದೆ. ಗುಳಿಗೆಯಿಂದ ಹೊಟ್ಟೆ ಉರಿ, ಅಂಗಾಲು ಉರಿ ಎಂದು ಶುರುಮಾಡಿದ. ಸಂಜೆ ಬಾಗಿಲು ಬಡಿಯುವುದು ನಿಂತಿತು. ಕೇಳಿದರೆ, ಇವತ್ತು ಇಸ್ತ್ರಿ ಮಾಡಿದೆ ಎಂದ. ಇಸ್ತ್ರಿಗೂ ಗುಳಿಗೆಗೂ ಏನಪ್ಪಾ ಸಂಬಂಧ ಎಂದರೆ, ಇದೆಯಂತೆ. ಅವರ ಊರಿನಲ್ಲಿ ಯಾವ ಪದಾರ್ಥವಾದರೂ ಒಂದೋ ಉಷ್ಣ, ಇಲ್ಲವೇ ತಂಪು. ಇಸ್ತ್ರಿಯ ಕಾವು ಮೈಗೇರುತ್ತದೆ, ಗುಳಿಗೆಯೂ ಉಷ್ಣ, ಎರಡೂ ಕೂಡಿದರೆ ರಕ್ತ ಕೆಡುತ್ತದೆ. ಆದ್ದರಿಂದ ಇಸ್ತ್ರಿ ಮಾಡಿದ ದಿನ ಗುಳಿಗೆ ಬಿಟ್ಟು ಲೋಳೆಸರದ ರಸ ಕುಡಿದು ಮಲಗುತ್ತಾನೆ. ಟೇಲರಿಗೆ ಇಸ್ತ್ರಿ ಇಲ್ಲದ ದಿನ ಯಾವುದು, ನೀವೇ ಹೇಳಿ. “ಫ್ರಿಜ್ಜಿಂದ ತೆಗೆದ ಗುಳಿಗೆ ಹೇಗಯ್ಯಾ ಉಷ್ಣ ಆಗುತ್ತೆ?” ಎಂದು ಕೇಳಿದೆ. ಏನೂ ತಿಳಿಯದ ಕೂಸನ್ನು ನೋಡಿದ ಹಾಗೆ ನನ್ನನ್ನು ನೋಡಿದ.

ಡಾಕ್ಟರಿಗಾದರೂ ಹೇಳು ಎಂದು ಬೆನ್ನು ಹತ್ತಿದೆ. ನೀವೂ ಬನ್ನಿ ಎಂದ, ಹೋದೆ. ಡಾಕ್ಟರು ಸಮಾಧಾನದಿಂದ ಕೇಳಿದರು: ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಬೇರೆ ಸೊಪ್ಪು, ಕಷಾಯ ಏನಾದರೂ? ಇವನು ಟೊಪ್ಪಿಗೆಯನ್ನು ಮಡಿಲಲ್ಲಿಟ್ಟುಕೊಂಡು, “ಇಲ್ಲ ಡಾಕ್ಟರ್, ನೀವು ಹೇಳಿದ ಹಾಗೇ” ಎಂದ. ನಾನು ಬಾಯಿ ತೆರೆಯಹೋದೆ. ಅವನು ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಕಾಯಿಲೆ ಅವನದು, ಹೇಳಬೇಕಾದವನೂ ಅವನೇ. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಬಿಡಲಿಲ್ಲ, ಚೆನ್ನಾಗಿ ಉಗಿದೆ. ಎಲ್ಲ ಕೇಳಿಸಿಕೊಂಡು, “ಅಷ್ಟು ಓದಿದವರು ವೆಸೀನಾ. ಅವರ ಮಾತು ಮೀರಿದೆ ಅಂತ ಹೇಳಿದ್ರೆ ಬೇಜಾರಾಗುತ್ತೆ” ಎಂದ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಜೀವ ಹೋದರೂ ಸರಿ, ಡಾಕ್ಟರಿಗೆ ಬೇಜಾರಾಗಬಾರದು.

ಆ ಬೇಸಿಗೆಗೆ ಧಾರವಾಡದಿಂದ ನಮ್ಮ ಅತ್ತೆ ಬಂದರು. ಬಂದ ಎರಡನೆಯ ದಿನವೇ ಎದುರು ಬಾಗಿಲಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಸೊಪ್ಪಿನ ಕಂತೆ ನೋಡಿ, “ಅಯ್ಯ, ಇದು ನಾಗದಾಳಿ ಅಲ್ಲೇನ?” ಎಂದರು. ಅವನು ತನ್ನ ಭಾಷೆಯಲ್ಲಿ “ರೂದಾ, ರೂದಾ” ಎಂದ. ಮುಗಿಯಿತು ಕಥೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು, ನಡುವೆ ನಾನು ದುಭಾಷಿ. ಯಾವುದು ಉಷ್ಣ, ಯಾವುದು ತಂಪು ಎಂದು ಇಬ್ಬರೂ ಸಂಜೆಗಟ್ಟಲೆ ಕುಳಿತು ತೀರ್ಮಾನಿಸುತ್ತಿದ್ದರು. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ ಪಾಸಾಗಿದ್ದ ನಾನು ಪಪ್ಪಾಯಿ ಉಷ್ಣವೆಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದೆ. ಅತ್ತೆ ಅವನನ್ನು ‘ತಮ್ಮಾ’ ಎಂದರು, ಅವನು ‘ಅವ್ವ’ ಎಂದ. ರಕ್ತದ ಬೇನೆ ಎಂದಷ್ಟೇ ಅವರಿಗೆ ಹೇಳಿದ್ದ, ಅವರೂ ಹೆಚ್ಚು ಕೆದಕಲಿಲ್ಲ.

ಗುಳಿಗೆ ಬಿಡುತ್ತಿದ್ದಾನೆ ಎಂದು ಅವನೆದುರಿಗೇ ಅತ್ತೆಗೆ ದೂರು ಹೇಳಿದೆ. ಅವರು ಸೀದಾ ಎದ್ದು ಮಜ್ಜಿಗೆ ಕಡೆದರು. “ಉಷ್ಣ ಅಂದ್ರ ಬಿಡೂದಲ್ಲ ತಮ್ಮಾ. ಮದಲ ಗುಳಿಗಿ ನುಂಗು, ಮ್ಯಾಲೆ ಮಜ್ಜಿಗಿ ಕುಡಿ.” ಅವನು ನುಂಗಿದ, ಕುಡಿದ, ಲೋಟ ತೊಳೆದಿಟ್ಟ. ಮರುದಿನವೂ ಬಂದ, ಇಸ್ತ್ರಿ ಮಾಡಿಯೂ ಬಂದ. ಆ ಬೇಸಿಗೆಯೆಲ್ಲ ಒಂದು ಹೊತ್ತೂ ತಪ್ಪಲಿಲ್ಲ. ನಾನು ಗಂಟಲು ಹರಿದುಕೊಂಡದ್ದೆಲ್ಲ ದಂಡ. ಮಜ್ಜಿಗೆಯಿಂದ ಗುಳಿಗೆಗೆ ತೊಂದರೆಯಿಲ್ಲವೇ ಎಂದು ನಾನೇ ಫಾರ್ಮಸಿಯಲ್ಲಿ ಕೇಳಿಕೊಂಡು ಬಂದೆ, ಏನೂ ಇಲ್ಲ ಎಂದರು.

ಚಳಿ ಶುರುವಾಗುವ ಹೊತ್ತಿಗೆ ವೀಸಾ ಮುಗಿದು ಅತ್ತೆ ಊರಿಗೆ ಹೊರಟರು. ಅವನಿಗೆ ಸಣ್ಣ ಕೆಮ್ಮಿತ್ತು. ಟ್ಯಾಕ್ಸಿ ಹತ್ತುವಾಗ ಅವನ ಗಲ್ಲ ಸವರಿ, “ಥಂಡಿ ದಿನಾ ಬಂದ್ವು, ಇನ್ನ ಮಜ್ಜಿಗಿ ಬಿಡಪಾ” ಎಂದರು. ಅದನ್ನೂ ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಯಾರಿಗೆ ಏನು ಅನುಮಾನ ಬರಬೇಕು ಅದರಲ್ಲಿ?

ಅವನು ಮಜ್ಜಿಗೆ ಬಿಟ್ಟ. ಮಜ್ಜಿಗೆಯಿಲ್ಲದೆ ಗುಳಿಗೆ ನುಂಗಿದರೆ ಉಷ್ಣ, ಆದ್ದರಿಂದ ಗುಳಿಗೆಯನ್ನೂ ಬಿಟ್ಟ. ನಾನು ಹೋಗಿ ಬಾಗಿಲು ಬಡಿದರೆ ಜೊತೆಯವರ ಮುಂದೆ ಮಾತಾಡುವ ಹಾಗಿಲ್ಲ. ಕಾರಿಡಾರಿಗೆ ಕರೆದು ಬೈದೆ, ಬೇಡಿಕೊಂಡೆ. ನೀರು ಕುಡಿ, ಹಾಲು ಕುಡಿ ಎಂದೆ. “ಅವ್ವ ಹಾಗೆ ಹೇಳಿಲ್ಲವಲ್ಲ” ಎಂದು ಕೆಮ್ಮುತ್ತಾ ನಕ್ಕ. ಚಳಿ ಇಳಿಯಲಿ, ಮತ್ತೆ ಶುರು ಮಾಡುತ್ತೇನೆ ಎಂದ. ನಮ್ಮ ಫ್ರಿಜ್ಜಿನಲ್ಲಿ ಬಾಟಲಿ ಇದ್ದಲ್ಲೇ ಇತ್ತು. ಮೊಸರು ತೆಗೆಯುವಾಗಲೆಲ್ಲ ಅದನ್ನು ನೋಡಿ ಮೈ ಉರಿಯುತ್ತಿತ್ತು.

ಕೊನೆಗೆ ಸೋತು, ಕಾಲಿಂಗ್ ಕಾರ್ಡ್ ತಂದು ಧಾರವಾಡಕ್ಕೆ ಫೋನ್ ಮಾಡಿದೆ. ಚಳಿಗಾಲಕ್ಕೆ ಏನು ಕೊಡಲಿ ಎಂದು ಕೇಳಿದೆ. “ಗುಲ್ಕಂದ ಹಾಕಿ ಬೆಚ್ಚಗಿನ ಹಾಲು ಕೊಡು, ನಾ ಹೇಳೇನಿ ಅಂತ ಹೇಳು” ಎಂದರು. ಫೋನಿಟ್ಟವಳೇ ಎದುರು ಬಾಗಿಲಿಗೆ ಹೋದೆ. ಜೊತೆಯವನೊಬ್ಬ ಬಾಗಿಲು ತೆಗೆದು, ಮಧ್ಯಾಹ್ನವೇ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು ಎಂದ.

ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಮಂಚದ ಪಕ್ಕ ಕುಳಿತಿದ್ದರು. ಆಕ್ಸಿಜನ್ ಕೊಳವೆ ಸರಿಸಿ, ಅವನು ಒಂದೊಂದಾಗಿ ಎಲ್ಲವನ್ನೂ ಹೇಳುತ್ತಿದ್ದ. ಇಸ್ತ್ರಿ, ಲೋಳೆಸರ, ಬಾಗಿಲಿಗೆ ಕಟ್ಟಿದ ರೂದಾ, ಮಜ್ಜಿಗೆ. ಪ್ರತಿಯೊಂದಕ್ಕೂ ಕ್ಷಮಿಸಿ ಡಾಕ್ಟರ್, ಕ್ಷಮಿಸಿ ಎನ್ನುತ್ತಿದ್ದ. ಡಾಕ್ಟರು ಬೈಯಲಿಲ್ಲ. ಮೊದಲೇ ಹೇಳಿದ್ದರೆ ಹೊಟ್ಟೆ ಉರಿಸದ ಬೇರೆ ಗುಳಿಗೆ ಕೊಡುತ್ತಿದ್ದೆನಲ್ಲ ಎಂದರು, ಅಷ್ಟೇ. ನಾನು ಕಿಟಕಿಯ ಕಡೆ ತಿರುಗಿ ನಿಂತೆ... ರಸ್ತೆಯ ಹಿಮ ಕರಗುವ ಮೊದಲೇ ಹೋಗಿಬಿಟ್ಟ.

ಅತ್ತೆಗೆ ಫೋನಿನಲ್ಲಿ ಸುದ್ದಿ ಹೇಳಿದಾಗ ಯಾವತ್ತು, ಹೇಗೆ ಎಂದು ಎಲ್ಲ ವಿಚಾರಿಸಿದರು. ಆಮೇಲೆ, “ಮಜ್ಜಿಗಿ ಬಿಡು ಅಂದಿದ್ದೆ. ಗುಳಿಗಿ ಬಿಡು ಅಂದಿದ್ದೆನೇನ ನಾ?” ಎಂದು ಕೇಳಿದರು. ಬದುಕಿರುವ ತನಕ, ಯಾವ ಮಾತಿನ ನಡುವೆಯಾದರೂ, ಇದೊಂದು ಮಾತು ಬಂದೇ ಬರುತ್ತಿತ್ತು. ಇಲ್ಲ ಅತ್ತೆ, ನೀವು ಹಾಗನ್ನಲಿಲ್ಲ ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ.

ನನಗೀಗ ಬಿಪಿ, ಶುಗರ್ ಎರಡೂ ಇವೆ. ಗಿಡದಂಗಡಿಗೆ ಹೋಗಿಬಂದ ಮೇಲೊಂದು ದಿನ ಚೆಕಪ್ ಇತ್ತು. ನನ್ನ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ, ಗುಳಿಗೆಯಲ್ಲದೆ ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಳು. ಎಲ್ಲ ಹೇಳಿದೆ. ನೆನೆಸಿದ ಮೆಂತ್ಯ, ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ, ನಡುವೆ ಒಂದು ವಾರ ಗುಳಿಗೆ ಬಿಟ್ಟದ್ದು, ಒಂದೂ ಮುಚ್ಚಿಡಲಿಲ್ಲ. ಅವಳು ಕಂಪ್ಯೂಟರಿನಲ್ಲಿ ಬರೆದುಕೊಂಡು, “ಓಕೆ, ಹಾಗಲಕಾಯಿ ಸ್ವಲ್ಪ ಕಡಿಮೆ ಮಾಡಿ” ಎಂದಳು.

ಅವಳಿಗೇನೂ ಬೇಜಾರಾಗಲಿಲ್ಲ.