ಸಾರು ಕೇಳುತ್ತಿದ್ದ ಮುನಿಸ್ವಾಮಣ್ಣ

ಕೋಲಾರದ ಚಿನ್ನದ ಗಣಿಗಳ ನಡುವಿನ ನಮ್ಮ ಊರಿಗಾಂನಲ್ಲಿ ಶುಗರ್ ಮಾತ್ರೆ, ಬಿ.ಪಿ. ಮಾತ್ರೆಗಳನ್ನು ಎಲ್ಲರೂ ಎಲ್ಲರ ಎದುರಿಗೇ ನುಂಗುತ್ತಾರೆ. ಆದರೆ ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಸೆಲ್ವಿ ಅಕ್ಕನ ಟೀ ಅಂಗಡಿ ಮುಂದೆ, ಬಸ್ಸಿಗೆ ಕಾಯುವ ಜನರ ನಡುವೆ ನಿಂತು ಬಾಯಿಗೆ ಹಾಕಿಕೊಳ್ಳುತ್ತಿದ್ದವನು ನಾನು ಕಂಡ ಹಾಗೆ ಒಬ್ಬನೇ. ವೈಂಡರ್ ಮುನಿಸ್ವಾಮಣ್ಣ.

"ಅದೇನಣ್ಣ, ಶುಗರ್ರಾ?" ಎಂದು ಹೊಸಬರು ಯಾರಾದರೂ ಕೇಳಿದರೆ, "ಅಲ್ಲಪ್ಪ, ಮನಸ್ಸಿಂದು" ಅನ್ನುತ್ತಿದ್ದ. ಹೊಟ್ಟೆನೋವಿಂದು ಅಂದಷ್ಟೇ ಸಲೀಸಾಗಿ. ಕೇಳಿದವರು ತಲೆ ತಗ್ಗಿಸಿ ತಮ್ಮ ಟೀ ನೋಡಿಕೊಳ್ಳುತ್ತಿದ್ದರು.

ಒಂದು ಸಲ ಆಟೋ ಓಡಿಸುವವನೊಬ್ಬ ಬೇಕೆಂದೇ ಜೋರಾಗಿ, "ಏನಣ್ಣ, ತಲೆ ಕೆಟ್ಟೈತಾ?" ಎಂದ.

"ಕೆಟ್ಟಿತ್ತು ಕಣ್ಲಾ. ರಿಪೇರಿ ಮಾಡಿಸ್ಕಂಡೆ. ನಿನ್ ಗಾಡಿ ಸೈಲೆನ್ಸರ್ ಯಾವಾಗ್ಲಾ ಮಾಡ್ಸಾದು? ಇಡೀ ಲೈನ್ ಮನೆಗೋಳ್ಗೆ ಕೇಳ್ತದೆ."

ಅಂಗಡಿ ಮುಂದಿದ್ದವರೆಲ್ಲ ನಕ್ಕರು. ಆಟೋದವನೂ ನಕ್ಕ. ಸೆಲ್ವಿ ಅಕ್ಕ ಒಳಗಿನಿಂದ, "ಅಣ್ಣಾ, ಟೀ ಆರಿಪ್ಪೋಚ್ಚು!" ಎಂದು ಕೂಗಿದಳು. ಅಣ್ಣ ಆರಿದ ಟೀಯನ್ನೇ ಖುಷಿಯಾಗಿ ಕುಡಿದ.

ವೈಂಡರ್ ಅನ್ನುವುದು ಅವನ ಕೆಲಸದಿಂದ ಬಂದ ಹೆಸರು. ಇಲ್ಲಿನದೇ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಆಳುಗಳನ್ನು ಭೂಮಿಯೊಳಗೆ ಇಳಿಸಿ, ಮತ್ತೆ ಮೇಲೆತ್ತುವ ಕೇಜಿನ ಎಂಜಿನ್ ಓಡಿಸುತ್ತಿದ್ದ. ಎಂಜಿನ್ ಮನೆಯಲ್ಲಿ ಕೂತವನಿಗೆ ಕೇಜೂ ಕಾಣುವುದಿಲ್ಲ, ಅದರಲ್ಲಿ ನಿಂತವರೂ ಕಾಣುವುದಿಲ್ಲ. ಕೆಳಗಿನಿಂದ ಬರುವ ಗಂಟೆ ಸದ್ದು, ಎದುರಿಗೆ ಆಳ ತೋರಿಸುವ ದೊಡ್ಡ ಮುಳ್ಳು, ಇವನ್ನು ನಂಬಿಕೊಂಡೇ ಕೆಲಸ.

"ಕಾಣ್ದೇ ಇರೋ ಜನರ ಜೀವ ಕೈಯಾಗೆ ಇಟ್ಕಂಡು ಕೂತಿದ್ದೋನು ನಾನು. ಒಂದಿನಾನೂ ಕೈ ನಡುಗಿಲ್ಲ. ಮೈನ್ಸ್ ಮುಚ್ಚಿದ್ಮೇಲೆ ನೋಡು, ಟೀ ಲೋಟ ಇಡ್ಕಳ್ಳಾಕೆ ಕೈ ನಡುಗ್ತು" ಎನ್ನುತ್ತಿದ್ದ.

ಗಣಿ ನಿಂತ ಮೇಲೆ ಅವನು ಮಲಗಿಬಿಟ್ಟ. ಗೋಡೆಗೆ ಮುಖ ಹಾಕಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಮಾತಿಲ್ಲ, ಸ್ನಾನವಿಲ್ಲ. ಕೆಲಸ ಹೋಗಿದ್ದು ಅವನೊಬ್ಬನಿಗೇ ಅಲ್ಲ. ಹಾಗಾಗಿ ಜನ, "ನಮ್ಗೆಲ್ಲಾ ಓಗಿಲ್ವಾ? ಇವ್ನೊಬ್ಬಂಗೇ ಏನು?" ಅಂದರು. ಕೆಲವರು ಸೋಮಾರಿ ಅಂದರು. ಹೆಂಡತಿ ರತ್ನಕ್ಕನ ತವರಿನವರು ಗಾಳಿ ಸೋಕಿದೆ ಎಂದು ತೋಳಿಗೆ ತಾಯಿತ ಕಟ್ಟಿಸಿದರು. ರತ್ನಕ್ಕ ಆ ದಿನಗಳ ಬಗ್ಗೆ ಒಂದೇ ಮಾತು ಹೇಳುತ್ತಿದ್ದಳು. "ಮನೇಲಿ ಗಂಡ ಇದ್ದ. ಮನುಸ ಇರ್ಲಿಲ್ಲ." ಕೊನೆಗೆ ಅವಳೇ ಹಟ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇದು ಖಿನ್ನತೆ ಅನ್ನುವ ಕಾಯಿಲೆ, ಔಷಧ ಇದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಹಾಗೆಯೇ ನಿಧಾನಕ್ಕೆ ಸರಿಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಮಾತ್ರೆ ಮಾತ್ರ ಉಳಿದುಕೊಂಡಿತು.

ತನ್ನನ್ನು ಸೋಮಾರಿ ಎಂದವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ತಮಾಷೆ ಇತ್ತು. "ಸೋಮಾರಿ ಮಲಗಿದ್ರೆ ಗೊರ್ಕೆ ಒಡೀತಾನೆ ಕಣ್ಲಾ. ನಂಗೆ ಮಲಗಿದ್ರೂ ನಿದ್ದೆ ಇಲ್ಲ. ಸೋಮಾರಿಯಾಗಾಕೂ ಒಂದು ಯೋಗ ಬೇಕು."

ಎದುರಿಗೆ ಸಿಕ್ಕಿದವರನ್ನು ಮುನಿಸ್ವಾಮಣ್ಣ ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ. "ನೆನ್ನೆ ಏನ್ ಸಾರು?" ಎಂದು ಕೇಳುತ್ತಿದ್ದ. ಅವರೆಕಾಳು ಅಂದರೆ "ಸೊಗಡಿತ್ತಾ?" ಬಸ್ಸಾರು ಅಂದರೆ "ಯಾವ್ ಸೊಪ್ಪು?" ತಿಂಡಿಪೋತ ಎಂದು ನಾವೆಲ್ಲ ನಗುತ್ತಿದ್ದೆವು. ಅದರ ಗುಟ್ಟು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

"ಎಂಗಿದೀಯಾ ಅಂದ್ರೆ ಯಾರಾನ ನಿಜ ಯೇಳ್ತಾರಾ? ಚೆನ್ನಾಗಿದೀನಿ ಅಂತಾರೆ. ಸಾರು ಕೇಳು, ಸಿಗಾಕಂತಾರೆ. ಉಂಡಿರ್ತಾರೆ, ಏನ್ ಉಂಡ್ವಿ ಅಂತ ಗ್ಯಾಪ್ಕ ಇರಾಕಿಲ್ಲ. ರುಚಿ ಒಂಟೋಗಿರ್ತದೆ. ನಂಗೂ ಮೊದ್ಲು ಓಗಿದ್ದು ಅದೇ."

ಸಾರು ನೆನಪಿಲ್ಲ ಎಂದವರ ಜೊತೆ ಅವನು ಸ್ವಲ್ಪ ದೂರ ನಡೆಯುತ್ತಿದ್ದ. ನಿದ್ದೆ ಕೇಳುತ್ತಿದ್ದ. ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿದ್ದೀಯ ಎಂದು ಕೇಳುತ್ತಿದ್ದ. ಬೇಕೆನಿಸಿದರೆ, "ಸಾಯ್ಬೇಕು ಅನ್ನುಸ್ತದಾ?" ಎಂದು ನೇರವಾಗಿಯೇ ಕೇಳುತ್ತಿದ್ದ. ಹಾಗೆಲ್ಲ ಕೇಳಬಾರದು, ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ನಾನೊಮ್ಮೆ ಗಾಬರಿಯಾಗಿ ಹೇಳಿದ್ದೆ. "ಕೇಳಿದ್ರೆ ಉಟ್ಟಾಕಿಲ್ಲ ಕಣ್ಲಾ. ಇದ್ರೆ ಈಚೆಗೆ ಬತ್ತದೆ. ಒಬ್ನೇ ಒತ್ಕಂಡಿರೋನ್ ಮೂಟೇಗೆ ನಾವೂ ಒಂದ್ ಕೈ ಕೊಟ್ಟಂಗೆ" ಎಂದ. ಹೌದು ಎಂದವರನ್ನು ಒಬ್ಬರನ್ನೇ ಬಿಡದೆ, ಅವರ ಮನೆಯವರನ್ನೂ ಕೂಡಿಸಿಕೊಂಡು ಅವತ್ತೇ ಆಸ್ಪತ್ರೆಗೆ ಹೊರಡುತ್ತಿದ್ದ. ಅವರು ಯಾರು ಯಾರು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ. "ನಂದು ನಾನು ಯೇಳ್ಕಂತೀನಿ. ಇನ್ನೊಬ್ರುದು ಯೇಳಾಕೆ ನಾನ್ಯಾರು?"

ಅವನ ಊಹೆ ಎಲ್ಲ ಸಲವೂ ಸರಿ ಇರುತ್ತಿರಲಿಲ್ಲ. ನಮ್ಮ ಸಾಲುಮನೆ ಲೈನಿನ ಪದ್ಮಾ ಸದಾ ಸುಸ್ತು ಎನ್ನುತ್ತಾ, ಮಂಕಾಗಿ ಕೂತಿರುತ್ತಿದ್ದಳು. ಇದು ತನ್ನ ಕಾಯಿಲೆಯೇ ಎಂದುಕೊಂಡು ಅಣ್ಣ ರತ್ನಕ್ಕನ ಜೊತೆ ಅವಳನ್ನು ಕಳಿಸಿದ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್. ಪದ್ಮಾನೇ ಟೀ ಅಂಗಡಿಗೆ ಬಂದು, "ಅಣ್ಣಾ, ನನ್ನ ಮನಸ್ಸು ಪಾಸು, ಗಂಟ್ಲು ಫೇಲು" ಎಂದು ನಗಾಡಿದಳು. ಅವನು ಅವಳಿಗಿಂತ ಜೋರಾಗಿ ನಕ್ಕ. "ಅದ್ಕೇ ನಾನು ಡಾಕ್ಟ್ರು ತಾವ್ಕೆ ಕಳ್ಸಾದು. ನನ್ನೇ ನಂಬ್ಕಂಡಿದ್ರೆ ನಿನ್ ಕತೆ ಮುಗೀತಿತ್ತು!"

ಇನ್ನು ನನ್ನ ವಿಷಯ.

ನಾನು ಬಂಗಾರಪೇಟೆಯ ಗ್ರಿಲ್ ಅಂಗಡಿಯೊಂದರಲ್ಲಿ ವೆಲ್ಡಿಂಗ್ ಮಾಡುವವನು. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಹೋಗದೆ, ಮದುವೆಯಾದ ಮೇಲೆ ಹತ್ತನೇ ಕ್ಲಾಸಿಗೆ ಕಟ್ಟಿ ಪಾಸು ಮಾಡಿದೆ. ನಮ್ಮಪ್ಪ ಗಣಿಯೊಳಗೆ ಕೆಲಸ ಮಾಡಿ, ಶ್ವಾಸಕೋಶದಲ್ಲಿ ಕಲ್ಲಿನ ದೂಳು ತುಂಬಿಕೊಂಡು ಸತ್ತ. ನಮ್ಮ ಕಡೆ ಅದಕ್ಕೆ ದೂಳಿನ ಕಾಯಿಲೆ ಎನ್ನುತ್ತಾರೆ. ಅಪ್ಪನ ಕೊನೆಯ ದಿನಗಳ ಉಸಿರಾಟದ ಸದ್ದು ಕೇಳಿ ಬೆಳೆದವನು ನಾನು.

ಒಂದು ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ತುಂಬಿದ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಗಂಟಲು ಕಟ್ಟಿತು, ಬೆರಳು ಜುಮ್ಮೆಂದವು, ಉಸಿರು ಸಾಲದಾಯಿತು. ಇಲ್ಲೇ ಸಾಯುತ್ತೇನೆ ಅನ್ನಿಸಿ ಬಸ್ ನಿಲ್ಲಿಸಿ ಇಳಿದುಬಿಟ್ಟೆ. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಆದರೆ ಬಸ್ ಹತ್ತಿದಾಗಲೆಲ್ಲ ಅದು ಬರತೊಡಗಿತು.

ನಮ್ಮಲ್ಲಿ ಯಾರಿಗೇ ಉಸಿರು ಕಟ್ಟಿದರೂ ದೂಳು ಎನ್ನುತ್ತಾರೆ. ಗಣಿಗೆ ಇಳಿಯದವನಿಗೂ ಹಾಗೆಯೇ. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ದೊಡ್ಡ ದೊಡ್ಡ ದಿಬ್ಬಗಳು ಊರ ಸುತ್ತ ಇವೆಯಲ್ಲ, ಬೇಸಿಗೆ ಗಾಳಿಗೆ ಮನೆಯೊಳಗೆಲ್ಲ ಅದರ ದೂಳೇ. "ಅಪ್ಪಂದೇ ಬಂದೈತೆ" ಎಂದು ಅಮ್ಮ ಅತ್ತಳು. ದೂಳು ಇಳಿಯಲೆಂದು ದಿನಾ ಬೆಲ್ಲ ತಿನ್ನಿಸಿದಳು. ಹೆಂಡತಿ ಲಕ್ಷ್ಮಿ ಕಿಟಕಿಗೆ ಗೋಣಿತಾಟು ಕಟ್ಟಿದಳು. ನಾನು ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡು ಒಳಗೇ ಕೂತೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಪಕ್ಕದ ಮನೆಯವರು, "ಮೊದ್ಲು ಕಾಣ್ಸಾಕಿಲ್ಲ, ಆಮೇಲೆ ಕಾಣ್ತದೆ" ಎಂದರು. ನಾನೂ ನಂಬಿದೆ. ಕೆಲಸಕ್ಕೆ ಹೋಗುವುದು ನಿಂತಿತು. ಅಂಗಡಿಯ ಯಜಮಾನರು ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದರು. ಆಮೇಲೆ ಮನೆಯ ಬಾಗಿಲು ದಾಟಿದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಆಗ ಮುನಿಸ್ವಾಮಣ್ಣ ಬಂದ. ಬಂದವನೇ ಕಿಟಕಿಯ ಗೋಣಿತಾಟು ನೋಡಿ, "ಏನ್ಲಾ ಇದು, ರೇಷ್ಮೆ ಉಳ ಸಾಕಿದೀಯಾ?" ಎಂದ. ಲಕ್ಷ್ಮಿ ಎಷ್ಟೋ ದಿನದ ಮೇಲೆ ನಕ್ಕಳು. ನನಗೆ ನಗು ಬರಲಿಲ್ಲ.

"ಎದ್ದೇಳು, ಬಾ ಇಲ್ಲಿ. ಮೈನ್ಸ್ ಏರಿನ ಮ್ಯಾಕೆ ಓಗ್ಬರಾಣ."

"ಆಗಲ್ಲಣ್ಣ, ದೂಳು."

"ಆಗ್ದಿದ್ರೆ ನಿನ್ನ ಒತ್ಕಂಡ್ ಬತ್ತೀನಿ ಬಾರ್ಲಾ. ಎತ್ತಿ ಇಳ್ಸಾದೇ ಅಲ್ವಾ ನನ್ ಕೆಲ್ಸ?"

ಕೈ ಹಿಡಿದು ಎಳೆದುಕೊಂಡೇ ಹೋದ. ಹೊಸಿಲಲ್ಲಿ ಎದೆ ಹೊಡೆದುಕೊಂಡಿತು. ಅವನು ಕೈ ಬಿಡಲಿಲ್ಲ, ಹೆದರಬೇಡ ಎಂದೂ ಹೇಳಲಿಲ್ಲ. ನಡೆಯುತ್ತಾ ಆ ರಸ್ತೆಯಲ್ಲಿ ಯಾರ ಮನೆಯಲ್ಲಿ ಯಾರಿದ್ದರು ಎಂದು ಹರಟುತ್ತಾ ಬಂದ. ಹಳೇ ಎಂಜಿನ್ ಮನೆಯ ಹತ್ತಿರ ಏರು ಮುಗಿಯುತ್ತದೆ. ಅಲ್ಲಿ ಅವನು ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಾ ನಿಂತ. ನಾನು ಸಲೀಸಾಗಿ ಉಸಿರಾಡುತ್ತಾ ಪಕ್ಕದಲ್ಲಿ ನಿಂತಿದ್ದೆ.

"ನೋಡ್ದಾ? ಏದುಸ್ರು ಯಾರ್ಗೆ ಬತ್ತಾ ಐತೆ?" ಎಂದ. ಸುಧಾರಿಸಿಕೊಂಡು ಕೇಳಿದ, "ನಿಮ್ಮಪ್ಪ ಕೊನೇ ವರ್ಸ ಈ ಏರು ಅತ್ತಿದ್ನಾ?"

"ಇಲ್ಲಣ್ಣ. ಬಚ್ಚಲಿಗೆ ಓಗಾಕೂ ಆಗ್ತಿರ್ಲಿಲ್ಲ."

"ದೂಳು ಬಸ್ಸು ನೋಡ್ಕಂಡು ಬರಾಕಿಲ್ಲ ಕಣ್ಲಾ. ಬಂದ್ರೆ ಬಂದಂಗೇ ಇರ್ತದೆ. ನಿಂದು ಬತ್ತದೆ, ಓಯ್ತದೆ. ನಂಗೇನೋ ಇದು ಭಯದ ಕಾಯ್ಲೆ ಅನ್ನುಸ್ತದೆ."

"ನಾನೇನು ಎದ್ರುಪುಕ್ಕನಾ?" ನನಗೆ ರೇಗಿತು.

"ಬೆಂಕಿ ಇಡ್ಕಂಡು ಕಬ್ಣ ಅಂಟ್ಸೋನು ನೀನು, ಎದ್ರುಪುಕ್ಕ ಎಂಗಾದೀಯ? ಭಯ ಪಡಾದು ಬೇರೆ, ಭಯದ ಕಾಯ್ಲೆ ಬೇರೆ. ನಾನು ಯೇಳಿದ್ದೇ ಸರಿ ಅಂತ ಅಲ್ಲ, ಪದ್ಮಂದು ಗೊತ್ತಲ್ಲ? ಡಾಕ್ಟ್ರು ಯೇಳ್ಲಿ. ನಾಳೆ ಬತ್ತೀನಿ, ಓಗಾಣ."

ಡಾಕ್ಟರಮ್ಮ ಮೊದಲು ನನ್ನ ಹೃದಯ, ರಕ್ತ ಎಲ್ಲ ಪರೀಕ್ಷೆ ಮಾಡಿಸಿದರು. ಆಮೇಲೆ ಬಹಳ ಹೊತ್ತು ಮಾತಾಡಿಸಿದರು. ಮನೆಗೆ ಬೆಂಕಿ ಬಿದ್ದಾಗ ಮೈ ಹೇಗೆ ಓಡಲು ಸಿದ್ಧವಾಗುತ್ತದೋ, ಬೆಂಕಿ ಇಲ್ಲದಾಗಲೂ ನಿಮ್ಮ ಮೈ ಹಾಗೇ ಸಿದ್ಧವಾಗಿಬಿಡುತ್ತಿದೆ, ಅದು ಏರುತ್ತದೆ, ತಾನಾಗಿ ಇಳಿಯುತ್ತದೆ, ಅದರಿಂದ ಸಾಯುವುದಿಲ್ಲ ಎಂದು ವಿವರಿಸಿದರು. ಔಷಧ ಕೊಟ್ಟರು. ಮನೆಯೊಳಗೆ ಮುಚ್ಚಿಕೊಂಡು ಕೂತಷ್ಟೂ ಭಯ ಬೆಳೆಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಬಸ್ ಹತ್ತಿ ಎಂದರು. ಮೂಗಿಗೆ ಸುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಚ್ಚಿಸಿದರು.

ಆ ಸ್ವಲ್ಪ ಸ್ವಲ್ಪಕ್ಕೆ ಜೊತೆಯಾದವನು ಮುನಿಸ್ವಾಮಣ್ಣ. ಮೊದಲು ಒಂದೇ ಸ್ಟಾಪು ಹೋಗಿ ಇಳಿದು ನಡೆದುಕೊಂಡು ಬರುತ್ತಿದ್ದೆವು. ಆಮೇಲೆ ಇನ್ನೊಂದು. ಕಂಡಕ್ಟರ್, "ಯಜಮಾನ್ರೇ, ಇಷ್ಟಕ್ಕೆ ಟಿಕೆಟ್ ಯಾಕೆ, ನಡ್ಕೊಂಡೇ ಹೋಗ್ಬೋದಲ್ಲ?" ಎಂದರೆ, "ನಾವು ಬಸ್ಸಿಗೆ ಡ್ರೈವಿಂಗ್ ಕಲುಸ್ತಾ ಇದೀವಪ್ಪ" ಎನ್ನುತ್ತಿದ್ದ. ನನಗೆ ಭಯ ಏರಿದಾಗ, "ಬಚ್ಚಿಟ್ಕಬೇಡ. ಪಕ್ದಾಗಿರೋರ್ಗೆ ಯೇಳ್ಬುಡು. ಬಚ್ಚಿಟ್ರೆ ಎರಡು ಭಯ ಆಯ್ತದೆ" ಎನ್ನುತ್ತಿದ್ದ. ನನಗೆ ಅದೊಂದು ಮಾತ್ರ ಆಗುತ್ತಿರಲಿಲ್ಲ. ಪಕ್ಕದಲ್ಲಿ ಯಾವಾಗಲೂ ಅವನೇ ಇರುತ್ತಿದ್ದನಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಗ್ರಿಲ್ ಅಂಗಡಿಗೆ ಒಬ್ಬನೇ ಹೋಗಿ ಬರುವಂತಾದೆ.

ಕಳೆದ ಬೇಸಿಗೆಯಲ್ಲಿ ನಾನು ಲಕ್ಷ್ಮಿ, ಮಕ್ಕಳ ಜೊತೆ ಕಾಮಸಮುದ್ರದ ಹತ್ತಿರ ಅವಳ ತಂಗಿಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ಸೆಲ್ವಿ ಅಕ್ಕನ ಫೋನು. "ತಂಬೀ, ನಮ್ಮ ಅಣ್ಣ ಪೋಯಿಟ್ಟಾರು" ಎಂದಳು. ಎದ್ದು ಮುಖ ತೊಳೆಯಲು ಹೋದ ಮುನಿಸ್ವಾಮಣ್ಣ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲವಂತೆ. ಮಧ್ಯಾಹ್ನಕ್ಕೆಲ್ಲ ಎತ್ತುತ್ತಾರೆ, ಬೇಗ ಬಾ ಎಂದಳು.

ಲಕ್ಷ್ಮಿ ಮಕ್ಕಳನ್ನು ಕರೆದುಕೊಂಡು ಹಿಂದಿನಿಂದ ಬರುತ್ತೇನೆ ಎಂದಳು. ನಾನೊಬ್ಬನೇ ಬಂಗಾರಪೇಟೆ ಬಸ್ ಹತ್ತಿದೆ. ಕಾಲಿಡಲು ಜಾಗವಿಲ್ಲ. ಹೇಗೋ ಒಂದು ಸೀಟು ಸಿಕ್ಕಿತು. ಬಸ್ ಊರು ದಾಟಿದ ಕೂಡಲೇ ಶುರುವಾಯಿತು. ಅದೇ ಎದೆ, ಅದೇ ಗಂಟಲು, ಅದೇ ಬೆರಳು. ಅಣ್ಣನಿಗೆ ಆದದ್ದೇ ನನಗೂ ಆಗುತ್ತಿದೆ ಅನ್ನಿಸಿತು. ಇಳಿದುಬಿಡು, ಇಳಿದುಬಿಡು ಎಂದು ಮೈಯೆಲ್ಲ ಕೂಗುತ್ತಿತ್ತು. ಇಳಿದರೆ ಮುಂದಿನ ಬಸ್ಸಿಗೆ ಹೊತ್ತಾಗುತ್ತದೆ. ಅಣ್ಣನ ಮುಖ ಕೊನೆಗೆ ನೋಡಲು ಸಿಗುವುದಿಲ್ಲ. ಆದರೂ ಎದ್ದು ಕಂಬಿ ಹಿಡಿದುಕೊಂಡೆ.

ಪಕ್ಕದಲ್ಲಿ ನುಗ್ಗೆಕಾಯಿ ಕಟ್ಟು ಇಟ್ಟುಕೊಂಡಿದ್ದ ಹೆಂಗಸು ತಲೆ ಎತ್ತಿ ನೋಡಿದಳು. "ಏನಪ್ಪಾ, ಇಂಗ್ ಬೆವರ್ತಾ ಇದೀಯ? ಇಳೀತೀಯಾ?"

ಏನಿಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ಇಲ್ಲಕ್ಕ. ನಂಗೆ ಭಯದ ಕಾಯ್ಲೆ ಐತೆ. ಡಾಕ್ಟ್ರು ತಾವ ತೋರ್ಸಿದೀನಿ. ಈಗ ಬಂದೈತೆ, ರವಷ್ಟು ಒತ್ತಿಗೆ ಓಯ್ತದೆ. ಅಲ್ಲೀಗಂಟ ಏನಾನ ಮಾತಾಡ್ತಾ ಇರು."

ಹಿಂದಿನ ಸೀಟಿನವರು ನಮ್ಮ ಕಡೆ ತಿರುಗಿದರು. ತಿರುಗಲಿ. ಅಕ್ಕ ಕಟ್ಟನ್ನು ಕಾಲ ಬುಡಕ್ಕೆ ತಳ್ಳಿ, ನನ್ನ ತೋಳು ಹಿಡಿದು ಕೂರಿಸಿದಳು. ನುಗ್ಗೆ ಮರ, ಕಂಬಳಿಹುಳ, ಮಾರ್ಕೆಟ್ಟಿನ ದಲ್ಲಾಳಿಯ ಬಾಯಿ, ಏನೇನೋ ಹೇಳಿದಳು. ಹೇಳುತ್ತಾ ಹೇಳುತ್ತಾ ಅದು ಏರಿತು, ನಿಂತಿತು, ಇಳಿಯಿತು. ಬಂಗಾರಪೇಟೆಯ ಮನೆಗಳು ಕಾಣುವ ಹೊತ್ತಿಗೆ ನನ್ನ ಅಂಗಿ ಒದ್ದೆಯಾಗಿತ್ತು, ಉಸಿರು ನನ್ನದಾಗಿತ್ತು.

ಅವಳು ಕಟ್ಟನ್ನು ಕಾಲ ಬುಡದಿಂದ ಈಚೆಗೆ ಎಳೆದುಕೊಂಡಳು. ಇಳಿಯುವ ಮುಂಚೆ ದನಿ ತಗ್ಗಿಸಿ, "ನಮ್ ತಂಗೀಗೂ ಇಂಗೇ ಆಯ್ತದಪ್ಪ. ಬಾಣಂತಿ. ಮೈಮೇಲೆ ಬತ್ತದೆ ಅಂತ ದೇವ್ರು ಕೇಳ್ಸ್ತಾ ಇದೀವಿ. ನಿಂಗೆ ಕಾಯ್ಲೆ ಅಂತ ಯೇಳಿದ್ಯಾರು?" ಎಂದಳು.

"ನಮ್ಮಣ್ಣ ಒಬ್ಬ. ಊರಿಗಾಂನಾಗೆ."

"ಅವ್ಳನ್ನ ಕರ್ಕಂಡ್ ಬಂದ್ರೆ ಆಯಪ್ಪ ಮಾತಾಡುಸ್ತಾನಾ?"

ಬಸ್ ನಿಂತಿತು. ನುಗ್ಗೆಕಾಯಿ ಕಟ್ಟನ್ನು ನಾನೇ ಎತ್ತಿ ಕೆಳಗಿಳಿಸಿ, ಅವಳ ತಲೆ ಮೇಲೆ ಇಟ್ಟೆ.

"ಊರಿಗಾಂನಾಗೆ ಸೆಲ್ವಿ ಅಕ್ಕನ ಟೀ ಅಂಗ್ಡಿ ತಾವ್ಕೆ ಕರ್ಕಂಡ್ ಬಾರಕ್ಕ" ಎಂದೆ. "ನಾನ್ ಮಾತಾಡುಸ್ತೀನಿ."