ಕೀವಿಲ್ಲದ ಹುಣ್ಣು

ನಮ್ಮ ಬೀದಿಯ ಸಣ್ಣ ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದವಳನ್ನು ಎಲ್ಲರೂ ಪಟ್ಟಿ ಅಕ್ಕ ಎಂದೇ ಕರೆಯುತ್ತಿದ್ದರು. ಕೈ ಬಲು ಹಗುರ, ನಾಲಿಗೆ ಮಾತ್ರ ಹರಿತ. ಕೈ ತೊಳೆಯದೆ ಅವಳ ಕೋಣೆಗೆ ಕಾಲಿಟ್ಟರೆ ಡಾಕ್ಟರಿಗೂ ಬೈಗುಳ ತಪ್ಪುತ್ತಿರಲಿಲ್ಲ.

ನನ್ನ ಎರಡನೆಯ ಮಗುವಿನ ಹೊಕ್ಕುಳ ಬಳ್ಳಿ ಐದು ವಾರವಾದರೂ ಬಿದ್ದಿರಲಿಲ್ಲ. ಸುತ್ತಲೂ ಕೆಂಪಗೆ ಹುಣ್ಣಾಗಿತ್ತು.

"ಕೀವಂತೂ ಇಲ್ಲ ಅಕ್ಕ, ಚೊಕ್ಕವಾಗಿದೆ," ಎಂದೆ ಹೆಮ್ಮೆಯಿಂದ.

ಅವಳು ಹುಣ್ಣು ಒರೆಸಿದ ಹತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟು ದೊಡ್ಡ ಹುಣ್ಣಿಗೆ ಕೀವಾಗ್ಲೇಬೇಕು ಕಣೆ. ರಕ್ತದ ಕಾವಲುಗಾರರು ಬಂದು ಹೊಡೆದಾಡಿದ್ರೆ ತಾನೇ ಕೀವು? ಅವ್ರು ಬಂದೇ ಇಲ್ಲ. ಏಳು, ದೊಡ್ಡಾಸ್ಪತ್ರೆಗೆ ನಡಿ!"

ಅವಳೇ ಕರೆದೊಯ್ದಳು. ಪರೀಕ್ಷೆಯಲ್ಲಿ ನಿಜ ತಿಳಿಯಿತು. ಮಗುವಿನ ರಕ್ತದಲ್ಲಿ ಅಕ್ಕ ಹೇಳಿದ ಕಾವಲುಗಾರರು, ಅಂದರೆ ಬಿಳಿ ಕಣಗಳು, ಬೇಕಾದಷ್ಟಿದ್ದವು. ಆದರೆ ರಕ್ತನಾಳದ ಗೋಡೆಯನ್ನು ಹಿಡಿದು ಗಾಯದತ್ತ ಹೊರಬರಲು ಅವುಗಳ ಮೈಮೇಲೆ ಇರಬೇಕಾದ ಕೊಕ್ಕೆಯಂಥ ಪ್ರೋಟೀನೇ ಇರಲಿಲ್ಲ. ಆ ಕೊರತೆ ನಮಗೇ ಗೊತ್ತಿಲ್ಲದೆ ನನ್ನಿಂದಲೂ ನನ್ನ ಗಂಡನಿಂದಲೂ ಅವನಿಗೆ ಇಳಿದು ಬಂದಿತ್ತು. ಪುಣ್ಯಕ್ಕೆ ಹಿರಿಮಗಳ ಮೂಳೆಮಜ್ಜೆ ಹೊಂದಿಕೆಯಾಯಿತು. ಅದನ್ನು ಹಾಕಿದರು, ಮಗ ಉಳಿದ.

ಮೂರು ವರ್ಷದ ಮೇಲೆ ಅವನು ಮೆಟ್ಟಿಲಲ್ಲಿ ಬಿದ್ದು ಮೊಣಕಾಲು ತರಚಿಕೊಂಡ. ಎರಡೇ ದಿನಕ್ಕೆ ಗಾಯದಲ್ಲಿ ಕೀವು ತುಂಬಿತು. ಎತ್ತಿಕೊಂಡು ಓಡಿದೆ.

"ಗಾಯ ತೊಳೆಯೋಕೆ ಏನ್ ರೋಗ ನಿಂಗೆ?" ಎಂದು ಪಟ್ಟಿ ಅಕ್ಕ ರೇಗಿದಳು. ರೇಗುತ್ತಲೇ ಕೀವು ಹತ್ತಿದ ಹತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ, ಕೈ ತೊಳೆಯುವುದನ್ನೂ ಮರೆತು, ನನ್ನನ್ನು ತಬ್ಬಿಕೊಂಡಳು.